ಹೊಗೆ ಕುಡಿದವಳಲ್ಲ ನಮ್ಮ ಅತ್ತೆ

ಅತ್ತೆಯನ್ನು ಮಣ್ಣು ಮಾಡಿ ಬಂದು ವಾರವೂ ಆಗಿರಲಿಲ್ಲ. ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಾತನಾಡಿಸಲು ಬಂದವರು ಕುಳಿತಿದ್ದರು. ದೂರದ ಸಂಬಂಧಿಕನೊಬ್ಬ ಮೊಬೈಲು ತೆಗೆದು ಪಕ್ಕದವನಿಗೆ ಏನೋ ತೋರಿಸಿದ. ಅವನು ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕ. ಮೊಬೈಲು ಕೈಯಿಂದ ಕೈಗೆ ದಾಟಿತು. ಕೊನೆಯಲ್ಲಿ ಕುಳಿತ ಹೆಂಗಸು "ಹೊಗಿ ಆಯಿ, ಪಾಪ" ಅಂದಳು. ಪಾಪ ಅನ್ನುವ ಮೊದಲು ಅವಳೂ ನಕ್ಕಿದ್ದಳು.

ನಾನು ಚಹದ ತಾಟು ಹಿಡಿದು ನಿಂತಿದ್ದೆ. ಅದನ್ನು ಅಲ್ಲಿಯೇ ನೆಲಕ್ಕಿಟ್ಟು ಒಳಗೆ ಹೋದೆ. ಸತ್ತ ಮನೆಯಲ್ಲಿ ಜಗಳ ತೆಗೆಯಬಾರದೆಂದು ಸುಮ್ಮನಾದೆ. ಸುಮ್ಮನಾದದ್ದು ತಪ್ಪೆಂದು ಅವತ್ತಿನಿಂದ ಅನ್ನಿಸುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ವಿಡಿಯೊದಲ್ಲಿ ಇರುವುದು ಇಷ್ಟೇ. ಸಮುದ್ರದ ದಂಡೆಯ ಒಂದು ಹೊಸ ರೆಸ್ಟೋರೆಂಟಿನಲ್ಲಿ ಇಳಕಲ್ ಸೀರೆಯ ಮುದುಕಿಯೊಬ್ಬಳು ಎರಡೂ ಕೈಯಿಂದ ತಟ್ಟೆಯನ್ನು ಎತ್ತಿ ತುಟಿಗಿಟ್ಟು ಕುಡಿಯುತ್ತಾಳೆ. ತಟ್ಟೆಯಿಂದ ಬಿಳಿ ಹೊಗೆ ಉಕ್ಕಿ ಅವಳ ಮುಖ, ಹಣೆಯ ವಿಭೂತಿ, ತಲೆಯ ಮೇಲಿನ ಸೆರಗು ಎಲ್ಲವನ್ನೂ ಮುಚ್ಚುತ್ತದೆ. ಸುತ್ತ ನಗು. ನೋಡಿದವರಿಗೆ ನಗು ಬರುವುದು ಸಹಜವೇ ಇರಬಹುದು. ಆ ಮುದುಕಿ ಆಮೇಲಿನ ವರ್ಷಗಳಲ್ಲಿ ಹೇಗೆ ಬದುಕಿದಳು ಎಂಬುದು ವಿಡಿಯೊದಲ್ಲಿ ಇಲ್ಲ. ಅದಕ್ಕೂ ಮೊದಲು ಅವಳು ಎಂಥವಳಿದ್ದಳು ಎಂಬುದೂ ಇಲ್ಲ.

ಅವಳು ನಮ್ಮಪ್ಪನ ಅಕ್ಕ. ಚಿಮ್ಮಡಕ್ಕೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ನಮ್ಮ ಮನೆಯ ಮಗ್ಗಗಳ ಪಕ್ಕದಲ್ಲಿ ನೂಲಿನ ಕಂಡಿಕೆ ಸುತ್ತುತ್ತಾ ನನ್ನನ್ನೂ ತಮ್ಮನನ್ನೂ ಬೆಳೆಸಿದವಳು. ಪವರ್‌ಲೂಮಿನ ಸದ್ದಿನಲ್ಲಿ ಆಯುಷ್ಯ ಕಳೆದಿದ್ದರಿಂದ ಅವಳಿಗೆ ಸಣ್ಣ ದನಿಯೇ ಇರಲಿಲ್ಲ. ಕಿವಿಯಲ್ಲಿ ಹೇಳುವ ಗುಟ್ಟು ಕೂಡ ಮೂರು ಮನೆಯಾಚೆ ಕೇಳುತ್ತಿತ್ತು. ನನಗೆ ಮೊದಲ ವರ ಬಂದಾಗ "ಹುಡುಗನ ಕಿವಿ ದೊಡ್ಡವು, ಬುದ್ಧಿ ಸಣ್ಣದು" ಎಂದು ಅವಳು ಅಡುಗೆಮನೆಯಲ್ಲಿ ನನಗೊಬ್ಬಳಿಗೇ ಹೇಳಿದ್ದನ್ನು ಪಡಸಾಲೆಯಲ್ಲಿದ್ದ ಹುಡುಗನೇ ಕೇಳಿಸಿಕೊಂಡು ಎದ್ದು ಹೋದ. ಮೆಲ್ಲಗೆ ಮಾತಾಡಲು ಬರುವುದಿಲ್ಲವೇ ಎಂದು ಅಪ್ಪ ಗದರಿದರೆ, ನಮ್ಮೂರಲ್ಲಿ ಮೆಲ್ಲಗೆ ಮಾತಾಡಿದರೆ ಮಗ್ಗದ ಲಾಳಿಗೆ ಮಾತ್ರ ಕೇಳಿಸುತ್ತದೆ ಎಂದು ತಿರುಗಿಸಿ ಹೇಳಿದ್ದಳು.

ಊಟದ ವಿಷಯದಲ್ಲಿ ಅವಳು ಪೊಲೀಸು. ನಮ್ಮದು ಲಿಂಗ ಕಟ್ಟಿದ ಮನೆ. ತಾಟಿಗೆ ಬಿದ್ದದ್ದೆಲ್ಲ ಪ್ರಸಾದ, ಅಗುಳು ಬಿಡುವಂತಿಲ್ಲ. ಊಟ ಮುಗಿದ ಮೇಲೆ ಬಟ್ಟಲುಗಳನ್ನು ತಾಟಿನಲ್ಲಿಯೇ ನೀರು ಹಾಕಿ ತೊಳೆದು, ತಾಟನ್ನೂ ಬೆರಳಿನಿಂದ ತಿಕ್ಕಿ, ಆ ನೀರನ್ನು ಕುಡಿಯಬೇಕು. ಈಗ ಮಠಗಳಲ್ಲಿಯೂ ಹಿರಿಯರಲ್ಲಿಯೂ ಉಳಿದಿರುವ ಈ ರೂಢಿಯನ್ನು ಅತ್ತೆ ಒಂದು ಹೊತ್ತೂ ತಪ್ಪಿಸಿದವಳಲ್ಲ. ತಾಟು ಯಾರದು, ಊರು ಯಾವುದು ಎಂದು ನೋಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲೂ ಹಾಗೆಯೇ. ಬಾಯಿಗೆ ಹೋದದ್ದನ್ನು ಉಗುಳುವುದು ಅವಳ ಪ್ರಕಾರ ಅನ್ನಕ್ಕೆ ಮಾಡುವ ಅವಮಾನ. ಸಣ್ಣವಳಿದ್ದಾಗ ನಾನು ಹಾಗಲಕಾಯಿ ಉಗುಳಿದ್ದಕ್ಕೆ ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ಸಂಜೆಯವರೆಗೆ ನನ್ನ ಕಡೆ ನೋಡಲಿಲ್ಲ. ಹೊಡೆದಿದ್ದರೆ ಬೇಗ ಮರೆಯುತ್ತಿದ್ದೆ.

ಜಮಖಂಡಿಯಲ್ಲಿ ಒಂದು ಮದುವೆ. ಊರಿಗೇ ದೊಡ್ಡ ಮನುಷ್ಯನೆನಿಸಿಕೊಂಡವನೊಬ್ಬ ಎರಡು ತುತ್ತು ಉಂಡು, ಹೋಳಿಗೆಯನ್ನು ಮುಟ್ಟದೆ ಎದ್ದ. ಹಿಂದೆ ಮುಂದೆ ಮಂದಿ. ಅತ್ತೆ ಪಂಕ್ತಿಯ ನಡುವೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಹೋಳಗಿ ಇನ್ನಾ ಕುಂತೈತಿ, ನೀವು ಎದ್ರಿ. ಅದಕ್ಕ ಜೋಡಿ ಯಾರ್ರೀ?" ಎಂದಳು.

ಇಡೀ ಮಂಟಪಕ್ಕೆ ಕೇಳಿಸಿತು. ಆ ಮನುಷ್ಯ ನಗುವ ಪ್ರಯತ್ನ ಮಾಡಿ, ಆಗದೆ, ಕುಳಿತು ತಿಂದ. ಬಡಿಸುವವರಿಗೂ ಅವಳ ಕೈಯಿಂದ ಬಿಡುಗಡೆ ಇರಲಿಲ್ಲ. ಏನು ನೀಡುತ್ತಿದ್ದೀರಿ ಎಂದು ಬಾಯಿಬಿಟ್ಟು ಹೇಳಿ ನೀಡಬೇಕು. ಪಲ್ಯದಲ್ಲಿ ಶೇಂಗಾ ಇದ್ದರೆ ಶೇಂಗಾ ಇದೆ ಎನ್ನಬೇಕು, ಸಾರು ಖಾರವಾಗಿದ್ದರೆ ಖಾರವಾಗಿದೆ ಎನ್ನಬೇಕು. ಉಣ್ಣುವವನು ತಲೆ ತಗ್ಗಿಸಿ ಉಣ್ಣುತ್ತಾನೆ, ಅವನು ಕೇಳುತ್ತಾ ಕೂರುವುದಿಲ್ಲ ಎಂದು ನನಗೆ ಪಂಕ್ತಿಯಲ್ಲಿ ಬಡಿಸಲು ಕಲಿಸುವಾಗ ಹೇಳಿದ್ದಳು.

ಹಾಗಿದ್ದವಳನ್ನು ನಾವು ಸಮುದ್ರಕ್ಕೆ ಕರೆದುಕೊಂಡು ಹೋದೆವು. ತಮ್ಮನ ಸೀರೆ ವ್ಯಾಪಾರ ಆ ವರ್ಷ ಕೈ ಹಿಡಿದಿತ್ತು. ಗೋಕರ್ಣದ ದರ್ಶನವೂ ಆಗಲಿ, ಮಕ್ಕಳಿಗೆ ಸಮುದ್ರವೂ ಆಗಲಿ ಎಂದು ಗಾಡಿ ಮಾಡಿಸಿದ. ತಮ್ಮ, ಅವನ ಹೆಂಡತಿ, ಅವರ ಇಬ್ಬರು ಮಕ್ಕಳು, ನಾನು, ಅತ್ತೆ. ಸಮುದ್ರವನ್ನು ಅತ್ತೆ ಬಹಳ ಹೊತ್ತು ನೋಡಿದಳು. ಇಷ್ಟು ನೀರಿದ್ದೂ ಒಂದು ಗುಟುಕು ಕುಡಿಯಲು ಬರುವುದಿಲ್ಲ, ಇದಕ್ಕಿಂತ ಬೀಳಗಿಯ ಹಿನ್ನೀರು ಎಷ್ಟೋ ವಾಸಿ ಎಂದಳು. ಸೀರೆಯ ಅಂಚು ಒದ್ದೆಯಾದದ್ದಕ್ಕೆ ಅಲೆಗಳನ್ನು ಬೈದಳು.

ರೆಸ್ಟೋರೆಂಟು ತಮ್ಮನೇ ಮೊಬೈಲಿನಲ್ಲಿ ಹುಡುಕಿದ್ದು. ಸಸ್ಯಾಹಾರಕ್ಕೆ ಬೇರೆಯೇ ಅಡುಗೆಮನೆ ಇದೆಯೆಂದು ಫೋನಿನಲ್ಲಿ ಖಾತ್ರಿ ಮಾಡಿಕೊಂಡಿದ್ದ. ಗಾಜಿನ ಗೋಡೆ, ಮರದ ಕಟ್ಟೆ, ಕಟ್ಟೆಯ ಕೆಳಗೆ ಸಮುದ್ರ. ಸೂರ್ಯ ಮುಳುಗುವ ಹೊತ್ತು. ಮಾಲೀಕನೇ ನಮ್ಮ ಮೇಜಿಗೆ ಬಂದ. ನನಗಿಂತ ಚಿಕ್ಕವನು, ಮೃದುವಾದ ಮಾತು. ನಮ್ಮಲ್ಲಿ ಎಲ್ಲವೂ ಸುತ್ತಮುತ್ತಲಿನದೇ, ಹೊರಗಿನದು ಒಂದು ಕಾಳೂ ಇಲ್ಲ ಎಂದು ಶುರುಮಾಡಿದ. ಉಪ್ಪು ಯಾವ ಆಗರದ್ದು, ಅಕ್ಕಿ ಯಾವ ಉಪ್ಪುನೀರಿನ ಗದ್ದೆಯದ್ದು, ಮುರುಗಲ ಹಣ್ಣು ಯಾವ ಗುಡ್ಡದಿಂದ ಯಾರು ಆರಿಸಿ ತಂದದ್ದು, ತೆಂಗಿನಕಾಯಿ ಯಾರ ಹಿತ್ತಲಿನದ್ದು, ಎಲ್ಲದಕ್ಕೂ ಅವನಲ್ಲಿ ಒಂದೊಂದು ಕತೆ. ಪ್ರತಿ ತಿನಿಸು ಬಂದಾಗಲೂ ಬಂದು ಹೇಳಿದ. ಅತ್ತೆಗೆ ಅವನು ಹಿಡಿಸಿದ. ನೋಡು, ಹೀಗೆ ಹೇಳಿ ನೀಡಬೇಕು ಎಂದು ನನಗೆ ಹೇಳಿದಳು, ಎಲ್ಲ ಮೇಜುಗಳಿಗೂ ಕೇಳುವ ಹಾಗೆ. ಹಿಂದಿನ ಮೇಜಿನವರು ತಿರುಗಿ ನೋಡಿದರು. ತಟ್ಟೆಯ ನಡುವೆ ನಿಂಬೆಹಣ್ಣಿನಷ್ಟು ಅನ್ನ ಬಂದಾಗ ಮಾತ್ರ ಅವಳ ತಾಳ್ಮೆ ಹೋಯಿತು. "ಇದು ಊಟ ಏನ್ ಬೇ, ಔಷಧ?" ಎಂದಳು. ಮಾಲೀಕನೂ ನಕ್ಕ.

ಕೊನೆಗೆ ಎಳೆ ತೆಂಗಿನಕಾಯಿಯ ಪಾಯಸ ಬಂತು. ಅಗಲವಾದ ಕಪ್ಪು ಮಣ್ಣಿನ ತಟ್ಟೆ, ನಡುವೆ ಪಾಯಸದ ಸಣ್ಣ ಬಟ್ಟಲು, ಬಟ್ಟಲಿನ ಸುತ್ತ ಬಿಳಿಯ ಚೂರುಗಳು. ಮಾಲೀಕ ಕೆಟಲಿನಿಂದ ನೀರು ಸುರಿದ. ಬಿಳಿ ಹೊಗೆ ಎದ್ದು ಮೇಜಿನ ಮೇಲೆ ಹರಿಯಿತು. ಇದು ನಮ್ಮ ಸಮುದ್ರದ ಮಂಜು ಎಂದ. ಪಾಯಸದ ಅಕ್ಕಿಯ ಬಗ್ಗೆ ಹೇಳಿದ, ಬೆಲ್ಲದ ಬಗ್ಗೆ ಹೇಳಿದ. ಮಂಜಿನ ಬಗ್ಗೆ ಅಷ್ಟೇ ಹೇಳಿದ. ಮಕ್ಕಳ ಮುಂದೆಯೂ ಅದೇ ತಟ್ಟೆಗಳನ್ನು ಇಟ್ಟು ಹೋದ.

ಇಡೀ ಊಟದಲ್ಲಿ ಊರಿನ ಹೊರಗಿನಿಂದ, ಕಾರ್ಖಾನೆಯಿಂದ ಬಂದದ್ದು ಅದೊಂದೇ. ಅದೊಂದಕ್ಕೆ ಕತೆ ಇರಲಿಲ್ಲ.

ಅತ್ತೆ ಪಾಯಸ ಉಂಡಳು. ಅಷ್ಟರಲ್ಲಿ ಹೊಗೆ ತಗ್ಗಿತ್ತು. ಅವಳು ಎಂದಿನಂತೆ ಲೋಟದ ನೀರನ್ನು ಬಟ್ಟಲಿಗೆ ಹಾಕಿ ತೊಳೆದು ತಟ್ಟೆಗೆ ಸುರಿದಳು. ಹೊಗೆ ಮತ್ತೆ ಭರ್ರನೆ ಎದ್ದಿತು. ಮಕ್ಕಳು ಕೇಕೆ ಹಾಕಿದರು. ತಮ್ಮನ ಹೆಂಡತಿ ಮೊಬೈಲು ಹಿಡಿದಳು. ಅತ್ತೆ ತಟ್ಟೆ ಎತ್ತಿ ಕುಡಿದಳು. ನಾನು ಎದುರಿಗೆ ಕುಳಿತಿದ್ದೆ. ಒಂದು ಚೂರು ನೀರಿನೊಡನೆ ಒಳಗೆ ಹೋದದ್ದು ನನಗೆ ಕಾಣಿಸಿತು. ಅವಳ ಕಣ್ಣು ಅಗಲವಾಯಿತು. ಕೆನ್ನೆ ಹಿಡಿದುಕೊಂಡಳು. ಯಾರಾದರೂ ಉಗುಳುತ್ತಿದ್ದರು, ನಾನಾಗಿದ್ದರೆ ಉಗುಳುತ್ತಿದ್ದೆ. ಅವಳು ತುಟಿ ಬಿಗಿ ಹಿಡಿದು, ಕತ್ತು ಮುಂದೆ ಚಾಚಿ ನುಂಗಿದಳು.

ಈಗಲೂ ನನಗೆ ನಿದ್ದೆ ಬರದಿರುವುದು ಆ ನುಂಗಿದ ಗಳಿಗೆಯಿಂದ. ಅದು ನೆನಪಿಗೆ ಬಂದಾಗಲೆಲ್ಲ ಅವಳ ಪಕ್ಕದಲ್ಲಿ ಕುಳಿತಿದ್ದ ತಮ್ಮನ ಚಿಕ್ಕ ಮಗಳ ಬೆರಳುಗಳೂ ಬರುತ್ತವೆ. ಆ ಹುಡುಗಿ ಒಂದು ಬಿಳಿ ಚೂರನ್ನು ಚಮಚದಿಂದ ತಟ್ಟೆಯ ಅಂಚಿಗೆ ದಬ್ಬುತ್ತಾ ಆಡುತ್ತಿದ್ದಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅತ್ತೆ ನನ್ನ ಕೈ ಹಿಡಿದು, "ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗೇತಿ" ಎಂದಳು. ಎಷ್ಟು ಸಣ್ಣ ದನಿಯಲ್ಲಿ ಎಂದರೆ, ಪಕ್ಕದಲ್ಲಿದ್ದ ತಮ್ಮನಿಗೆ ಕೇಳಿಸಲಿಲ್ಲ. ಅವಳು ಹಾಗೆ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸೆರಗಿನ ಕೆಳಗೆ ಅವಳ ಹೊಟ್ಟೆ ಉಬ್ಬುತ್ತಿತ್ತು. ಮುಟ್ಟಿದರೆ ಹಲಗೆಯಂತೆ ಗಟ್ಟಿ.

ಮಾಲೀಕ ಬಂದು ನೋಡಿ ಗ್ಯಾಸ್ ಇರಬೇಕು ಎಂದ. ಹೊಸ ಊಟ, ವಯಸ್ಸಾದವರಿಗೆ ಹೀಗಾಗುತ್ತದೆ ಎಂದು ಸೋಡಾ ತರಿಸಿದ. ಅವಳು ತಟ್ಟೆಯಲ್ಲಿದ್ದದ್ದನ್ನು ನುಂಗಿದ್ದಾಳೆ ಎಂದು ನಾನು ಹೇಳಿದೆ. ಅವನ ಮುಖ ಒಂದು ಕ್ಷಣ ಬದಲಾಯಿತು. ಅದನ್ನು ನಾನು ನೋಡಿದೆ. ಆದರೂ ಬಾಯಲ್ಲಿ ಬಂದದ್ದು, ಅದು ಬರೀ ಐಸ್ ಮೇಡಂ, ಕರಗುತ್ತದೆ ಎಂದು. ಸೋಡಾ ಕುಡಿಸಲು ನಾನು ಬಿಡಲಿಲ್ಲ. ಜಾಣತನದಿಂದಲ್ಲ. ಅವಳ ಬಾಯಿಯೇ ತೆರೆಯುತ್ತಿರಲಿಲ್ಲ.

ಗಾಡಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆ ದಾರಿ ಬರೀ ತಿರುವು. ಪ್ರತಿ ತಿರುವಿಗೂ ಅವಳು ನರಳುತ್ತಿದ್ದಳು. ಮೊದಲ ಆಸ್ಪತ್ರೆಯಲ್ಲಿ ನೋಡಿ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಅಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಏನು ತಿಂದರು ಎಂದು. ಐಸ್ ಎಂದೆ. ಐಸಿನಿಂದ ಹೀಗಾಗುವುದಿಲ್ಲ, ಸರಿಯಾಗಿ ತಿಳಿದುಕೊಂಡು ಹೇಳಿ, ಬೇಗ ಎಂದರು. ಆಸಿಡ್ ಇರಬಹುದು, ಬೇರೇನೋ ಇರಬಹುದು, ತಿಳಿಯದೆ ಒಳಗೆ ಏನು ಹಾಕುವುದಕ್ಕೂ ಅವರು ಹಿಂದೆಮುಂದೆ ನೋಡುತ್ತಿದ್ದರು. ನಾನು ಬಿ.ಕಾಂ. ಓದಿದವಳು, ಸೊಸೈಟಿಯಲ್ಲಿ ನೌಕರಿ ಮಾಡುವವಳು. ನನಗೂ ಅದರ ಹೆಸರು ಗೊತ್ತಿರಲಿಲ್ಲ.

ಮಾಲೀಕನಿಗೆ ಫೋನು ಮಾಡಿದೆ. ತಟ್ಟೆಯಲ್ಲಿದ್ದದ್ದು ಏನು, ಅದರ ಹೆಸರು ಹೇಳಿ ಸಾಕು ಎಂದೆ. ಅಮ್ಮ ಹೇಗಿದ್ದಾರೆ ಎಂದು ಕೇಳಿದ. ಹೆಸರು ಹೇಳಿ ಎಂದೆ. ಅವನ ಹಿಂದೆ ಸಂಗೀತ ಕೇಳಿಸುತ್ತಿತ್ತು, ತಟ್ಟೆ ಚಮಚದ ಸದ್ದು ಕೇಳಿಸುತ್ತಿತ್ತು. "ಮೇಡಂ, ಅದೆಲ್ಲ ಫೋನಲ್ಲಿ ಬೇಡ. ನಮ್ಮ ವಕೀಲರ ಹತ್ತಿರ ಮಾತಾಡಿ ನಾಳೆ ಹೇಳ್ತೇನೆ" ಎಂದ. ಡಾಕ್ಟರು ಪಕ್ಕದಲ್ಲೇ ನಿಂತಿದ್ದಾರೆ, ಅವರಿಗಾದರೂ ಹೇಳಿ ಎಂದು ಬೇಡಿಕೊಂಡೆ. ಫೋನು ಕಟ್ಟಾಯಿತು. ಮತ್ತೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಒಳಗೆ ಅತ್ತೆ ಸಾಯುತ್ತಿದ್ದಳು. ಹೊರಗೆ ನಾನು ರಿಂಗ್ ಆಗುವುದನ್ನು ಕೇಳುತ್ತಾ ನಿಂತಿದ್ದೆ.

ಆಗ ತಮ್ಮನ ಹೆಂಡತಿ ತನ್ನ ಮೊಬೈಲನ್ನು ಡಾಕ್ಟರ ಮುಂದೆ ಹಿಡಿದಳು. ಡಾಕ್ಟರು ವಿಡಿಯೊವನ್ನು ಒಮ್ಮೆ ನೋಡಿದರು. ಹೊಗೆ ಕಂಡ ಕೂಡಲೇ ಡ್ರೈ ಐಸ್ ಎಂದರು. ಅದು ನೀರಿನ ಮಂಜುಗಡ್ಡೆಯಲ್ಲ, ಗಟ್ಟಿಮಾಡಿದ ಕಾರ್ಬನ್ ಡೈಆಕ್ಸೈಡ್ ಗಾಳಿ, ಕರಗಿ ನೀರಾಗುವುದಿಲ್ಲ, ಒಳಗೆ ಹೋದರೆ ಹೊಟ್ಟೆಯನ್ನು ಸುಡುತ್ತದೆ, ಗಾಳಿಯಾಗಿ ಉಬ್ಬಿಸುತ್ತದೆ ಎಂದು ನಡೆಯುತ್ತಲೇ ಹೇಳಿ ಒಳಗೆ ಹೋದರು. ಆಪರೇಷನ್ ಮುಗಿಸಿ ಬಂದವರು ಹೊಟ್ಟೆಯಲ್ಲಿ ತೂತು ಬಿದ್ದಿತ್ತು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಅವಳ ಜೀವ ಉಳಿಸಿದ್ದು ನಿಜವಾಗಿಯೂ ಆ ವಿಡಿಯೊ. ಅದನ್ನೇ ತಮ್ಮನ ಹೆಂಡತಿ ಮೊದಲು ತನ್ನ ತವರಿಗೆ ಕಳಿಸಿದಳು, ನೋಡಿ ಹೀಗಾಯಿತು ಎಂದು ಅಳುತ್ತಾ. ತವರಿನವರು ಇನ್ನೊಬ್ಬರಿಗೆ ಕಳಿಸಿದರು. ಅಳು ಎಲ್ಲಿ ಉದುರಿತೋ, ಹೊಗೆ ಮಾತ್ರ ಮುಂದಕ್ಕೆ ಹೋಯಿತು. ಯಾರೋ ಅದಕ್ಕೆ ಹಾಡು ಜೋಡಿಸಿದರು. ಮುಧೋಳದ ಬಸ್ಸಿನಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ನೋಡಿ ನಗುತ್ತಿದ್ದಳು. ನಾನು ಅವಳ ಪಕ್ಕದ ಸೀಟಿನಲ್ಲಿದ್ದೆ.

ನಗದವರು ಬುದ್ಧಿ ಹೇಳಿದರು. ಅದು ಇನ್ನೂ ಕೆಟ್ಟದ್ದಾಗಿತ್ತು. ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಿಕೊಳ್ಳುವುದೇ, ಒಂದು ಮಾತು ಕೇಳಬಾರದಿತ್ತೇ, ಹಳೆಯ ಕಾಲದವರಿಗೆ ಇಂಥ ಜಾಗ ಯಾಕೆ ಬೇಕು. ನೋಡಲು ಬಂದವರೆಲ್ಲ ಇದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳಿದರು. ಅತ್ತೆ ಮಲಗಿ ಕೇಳುತ್ತಿದ್ದಳು. ಹೊಟ್ಟೆಯ ಒಂದು ಭಾಗ ತೆಗೆದಿದ್ದರು. ನಾಲ್ಕು ಚಮಚ ಅಂಬಲಿ, ಸ್ವಲ್ಪ ಬಿಟ್ಟು ಮತ್ತೆ ನಾಲ್ಕು ಚಮಚ. ರೊಟ್ಟಿ ಬಡಿಯುವ ಸದ್ದಿಗೆ ಮುಖ ತಿರುಗಿಸುತ್ತಿದ್ದಳು. ಸಿಟ್ಟು ಮಾತ್ರ ಕಡಿಮೆಯಾಗಿರಲಿಲ್ಲ. ಬುದ್ಧಿ ಹೇಳಿದ ಬೀಗಿತಿಯೊಬ್ಬಳಿಗೆ, ನೀನು ನಮ್ಮ ಮನೆಯಲ್ಲಿ ಇಷ್ಟು ವರ್ಷ ಉಂಡಿದ್ದೀ, ಒಂದು ಸಲವಾದರೂ ಏನು ಹಾಕಿದ್ದೀರಿ ಎಂದು ಕೇಳಿದ್ದೀಯಾ ಎಂದಳು. ಆಕೆ ಮತ್ತೆ ಬರಲಿಲ್ಲ.

ನಾನು ರೆಸ್ಟೋರೆಂಟಿನ ಮೇಲೆ ದೂರು ಕೊಟ್ಟಿದ್ದೆ. ತಮ್ಮನಿಗೆ ಬೇಡವಾಗಿತ್ತು. ಅಷ್ಟು ದೂರದ ಊರು, ಕೋರ್ಟಿನ ತಾರೀಖಿಗೆ ಓಡಾಡುವವರು ಯಾರು, ಆದದ್ದು ಆಯಿತು ಎನ್ನುತ್ತಿದ್ದ. ಆ ದೂರಿನ ಬಿಸಿಗೆ ಮಾಲೀಕ ಒಂದು ಮಧ್ಯಾಹ್ನ ಬನಹಟ್ಟಿಗೇ ಬಂದ. ಹಣ್ಣಿನ ಬುಟ್ಟಿ, ಶಾಲು. ಅತ್ತೆಯ ಕಾಲು ಮುಟ್ಟಿದ. ನಮ್ಮ ಮನೆಯಲ್ಲಿ ಬೆಳೆದವನ ಹಾಗೆ ಅಮ್ಮಾ ಅಮ್ಮಾ ಎಂದು ಮಾತಾಡಿದ. ದೂರು ಹಿಂದೆ ತೆಗೆದುಕೊಂಡರೆ ಆಸ್ಪತ್ರೆಯದ್ದೆಲ್ಲ ನೋಡಿಕೊಳ್ಳುತ್ತೇನೆ ಎಂದ. ಇಷ್ಟು ದಿನ ಇದು ಹೊಳೆದಿರಲಿಲ್ಲವೇ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಅವನು ಅತ್ತೆಯ ಕಡೆ ತಿರುಗಿ, "ಅಮ್ಮಾ, ನಮ್ಮದು ತಪ್ಪೇ. ಆದರೆ ನೀವು ಒಂದು ಮಾತು ಕೇಳಿದ್ದರೆ ನಾವೇ ಹೇಳ್ತಿದ್ದೆವು" ಎಂದ.

ಅತ್ತೆ ಅವನನ್ನು ನೋಡಿದಳು. ನಾನು ಬೈಗುಳಕ್ಕೆ ಕಾದೆ.

"ಊಟದ ಹೊತ್ತ ಆಗೇತಿ. ಮೊದಲ ಉಣ್ರಿ" ಎಂದಳು.

ನನ್ನ ಮೈ ಉರಿಯಿತು. ಆದರೆ ಅವಳ ಕಣ್ಣು ನೋಡಿ ಎದ್ದು ತಾಟು ಹಾಕಿದೆ. ಅವಳು ಗೋಡೆ ಹಿಡಿದು ಬಂದು ಅವನೆದುರು ಮಣೆಯ ಮೇಲೆ ಕುಳಿತಳು. ನಾನು ನೀಡುತ್ತಾ ಹೋದ ಹಾಗೆ ಅವಳು ಹೇಳುತ್ತಾ ಹೋದಳು. ಇದು ಬಿಳಿಜೋಳದ ರೊಟ್ಟಿ. ಇದು ಗುರೆಳ್ಳ ಹಿಂಡಿ, ಇದರಲ್ಲಿ ಬೆಳ್ಳುಳ್ಳಿ ಇದೆ, ಖಾರ ಹೆಚ್ಚು, ಮೊಸರು ಕೂಡಿಸಿಕೊಳ್ಳಿ. ಮಡಕೆಕಾಳಿನ ಪಲ್ಯದಲ್ಲಿ ಶೇಂಗಾಪುಡಿ ಹಾಕಿದೆ, ನಿಮಗೆ ಶೇಂಗಾ ಆಗಿಬರುತ್ತದಲ್ಲ? ಅವನು ಆಗುತ್ತದೆ ಎಂದು ತಲೆ ಆಡಿಸಿದ. ರೊಟ್ಟಿ ಮುರಿದ.

"ಇದರಾಗ ಏನೇನ್ ಐತಿ ಅಂತ ನೀವು ಕೇಳಿದ್ರೇನ್ರಿ?"

"ಇಲ್ಲಮ್ಮ."

"ಮತ್ತ ನಾ ಯಾಕ ಹೇಳಿದೆ?"

ಅವನು ತಮ್ಮನ ಕಡೆ ನೋಡಿದ. ತಮ್ಮ ನೆಲ ನೋಡುತ್ತಿದ್ದ.

"ಇರ್ಲಿ. ಕೇಳಿದ್ರ ಹೇಳ್ತಿದ್ವಿ ಅಂದ್ರಿ." ಅವಳು ಉಸಿರು ತೆಗೆದುಕೊಳ್ಳಲು ನಿಂತಳು. ಆಮೇಲೆ ನನ್ನ ಕಡೆ ಕೈ ತೋರಿಸಿದಳು. "ಇಕಿ ಕೇಳಿದ್ಳಲ್ರಿ. ಫೋನ್ ಹಚ್ಚಿ ಕೇಳಿದ್ಳು, ಕೈ ಮುಗದು ಕೇಳಿದ್ಳು. ನಾ ಒಳಗ ಸಾಯಾಕತ್ತಿದ್ದೆ. ಆವಾಗ ಯಾಕ ಹೇಳಲಿಲ್ರಿ?"

ಮುರಿದ ರೊಟ್ಟಿ ಅವನ ಕೈಯಲ್ಲಿಯೇ ಇತ್ತು. ಹೊರಗೆ ಮಗ್ಗಗಳು ನಡೆಯುತ್ತಿದ್ದವು. ಅತ್ತೆ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಉತ್ತರ ಬರುವ ತನಕ ಏಳುವುದಿಲ್ಲ ಎನ್ನುವಂತೆ, ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅಲ್ಲಿಯೇ ಕುಳಿತಿದ್ದಳು.